‘ಎಲ್ಲರೂ’ ಎಂಬ ಡೈರೆಕ್ಟರಿ

ಕುಂಕುಮ, ಅದೂ ಪರದೆಯ ನಟ್ಟನಡುವೆ, ರೂಪಾಯಿ ಅಗಲ, ಸುತ್ತ ಅರಿಸಿನ ಬೇರೆ, ಕೀಲಿಗಳ ಸಂದಿಯಲ್ಲಿ ಅಕ್ಷತೆ — ಈ ಜನಕ್ಕೆ ಕಂಪ್ಯೂಟರ್ ಅಂದರೆ ಮನೆಗೆ ಬಂದ ಮುತ್ತೈದೆ, ಕೂರಿಸಿ ಹಣೆಗಿಟ್ಟರೆ ಮುಗಿಯಿತು ಎಂದುಕೊಳ್ಳುತ್ತ ವರದಾ ಸೆರಗಿನ ತುದಿಯಿಂದ ಒರೆಸಿದಳು, ಒರೆಸಿದಷ್ಟೂ ಹರಡಿತು, ಸರ್ವರ್ ಪೆಟ್ಟಿಗೆಯ ಮೇಲೆ ಬಾಡಿದ ಚೆಂಡುಹೂವಿನ ಸರ, ಅದರ ಗಾಳಿಕಿಂಡಿಯೊಳಗೆ ಉರಿದು ಮುಗಿದ ಊದುಬತ್ತಿಯ ಕಡ್ಡಿ, ಕಿಂಡಿ ಇರುವುದೇ ಊದುಬತ್ತಿ ಸಿಕ್ಕಿಸುವುದಕ್ಕೆ ಅಂದುಕೊಂಡಿರಬೇಕು ಅಟೆಂಡರ್ ಜಟ್ಟಪ್ಪ, ಮೊನ್ನೆ ಆಯುಧ ಪೂಜೆಗೆ ಅವಳೊಬ್ಬಳು ರಜೆ ಹಾಕಿ ತಾಳಗುಪ್ಪದ ಅಕ್ಕನ ಮನೆಗೆ ಹೋದದ್ದೇ ತಪ್ಪು, ಒಂದು ದಿನ ಬಿಟ್ಟು ಹೋದರೆ ಸಾಕು, ಕಚೇರಿಯನ್ನು ಗುಡಿ ಮಾಡಿಟ್ಟಿರುತ್ತಾರೆ. ಕಚೇರಿಯಾದರೂ ಎಂಥದ್ದು, ಸಾಗರದ ಪೇಟೆಬೀದಿಯಲ್ಲಿ ಬಟ್ಟೆ ಅಂಗಡಿಯ ಮಹಡಿ, ಹೊರಗೆ ಮುಳುಗಡೆ ಸಂತ್ರಸ್ತರ ನೆರವು ಸಮಿತಿ ಎಂಬ ಬೋರ್ಡು, ಅಣೆಕಟ್ಟಿನ ನೀರಲ್ಲಿ ಊರು ಕಳಕೊಂಡವರ ಹೇಳಿಕೆ ಬರೆದುಕೊಂಡು ಬದಲಿ ಭೂಮಿ ಕೇಳುವ ಸಮಿತಿ, ಇಂಥದ್ದಕ್ಕೆ ಯಾವುದೋ ಪರದೇಶದ ಪುಣ್ಯಾತ್ಮರು ಒಂದು ಸರ್ವರು, ಅದಕ್ಕೆ ತಂತಿ ಎಳೆದ ಮೂರು ಕಂಪ್ಯೂಟರು ದಾನ ಮಾಡಿದರು, ಎಂಬತ್ತೊಂಬತ್ತನೇ ಇಸವಿಯಲ್ಲಿ ಜಿಲ್ಲೆಯ ದೊಡ್ಡ ದೊಡ್ಡ ಕಚೇರಿಗಳಲ್ಲೇ ಇಲ್ಲದ್ದು ಇಲ್ಲಿ, ಇವರ ಕೈಯಲ್ಲಿ, ಮತ್ತು ಇವರನ್ನೂ ಅದನ್ನೂ ಕಾಯುವುದಕ್ಕೆ ಬೆಂಗಳೂರಲ್ಲಿ ಆರು ತಿಂಗಳು ಕಲಿತು ಬಂದ ವರದಾ.

ಗುಂಡಿ ಒತ್ತಿದಳು, ಸರ್ವರು ಕೆಮ್ಮಿ ಗೊರಗುಟ್ಟಿ ಎದ್ದಿತು, ಮೊದಲೆಲ್ಲ ಇಲ್ಲಿ ಪಾಸ್‌ವರ್ಡ್ ಕೇಳುತ್ತಿತ್ತು, ಈಗ ಕೇಳುವುದಿಲ್ಲ, ಎಷ್ಟು ಚೆನ್ನಾಗಿ ನಡೆಯುತ್ತಿತ್ತು ಆ ಪಾಸ್‌ವರ್ಡಿನ ಸಂಸಾರ, ಮೂವರಿಗೆ ಮೂರು ಗುಟ್ಟಿನ ಮಾತು ಕೊಟ್ಟಿದ್ದಳು, ಎಂಟೇ ಅಕ್ಷರ, ಗುಮಾಸ್ತ ಹೂವಯ್ಯ ತನ್ನದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿಯ ಚೌಕದೊಳಗೆ ಕೆಂಪು ಶಾಯಿಯಲ್ಲಿ ಬರೆದಿಟ್ಟ, ಪಕ್ಕದಲ್ಲಿ ಗುಟ್ಟು ಅಂತಲೂ ಬರೆದ, ತಿಂಗಳು ತಿರುಗಿತು, ಹಾಳೆ ಹರಿದ ಜಟ್ಟಪ್ಪ ಅದರಲ್ಲಿ ಮಂಡಕ್ಕಿ ಕಟ್ಟಿಸಿಕೊಂಡು ಬಂದ, ಇನ್ನು ಕಾರ್ಯದರ್ಶಿ ಸುಬ್ಬರಾಯರು, ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಕಡತ ಕಟ್ಟಿ ನಿವೃತ್ತರಾದವರು, ಅವರಿಗೆ ಕೀಲಿ ಒತ್ತುವುದೇ ಅವಮಾನ, ಒಳಗಿನ ಕೋಣೆಯಿಂದಲೇ, ಬಂದವರೆಲ್ಲ ಬೆಂಚಿನ ಮೇಲೆ ಕೂತು ಕೇಳುವಂತೆ, ಜಟ್ಟಪ್ಪಾ, ತುಂಗಮ್ಮ ಅಂತ ಒತ್ತು, ಇಂಗ್ಲಿಷಲ್ಲಿ ಒತ್ತು, ಎರಡು ಎಮ್ಮು, ಹೆಂಡತಿಯ ಹೆಸರು ಊರಿಗೆಲ್ಲ ಗೊತ್ತಾಯಿತು, ಮೂರು ಸಲ ತಪ್ಪು ಒತ್ತಿದರೆ ಸರ್ವರು ಬಾಗಿಲು ಹಾಕಿಕೊಳ್ಳುತ್ತಿತ್ತು, ಆಗ ಮೂವರೂ ಒಟ್ಟಿಗೆ, ವರದಮ್ಮಾ ಇದು ಒಳಗೆ ಬಿಡ್ತಾ ಇಲ್ಲ — ಊಟದ ಡಬ್ಬಿ ಮುಚ್ಚಿಟ್ಟು ಎಷ್ಟು ದಿನ ಓಡಿ ಬಂದಿದ್ದಾಳೆ. ಕೊನೆಗೆ ಸುಬ್ಬರಾಯರು ಕರೆದು ನ್ಯಾಯ ಹೇಳಿದರು, ಬೀಗ ಎಂತಕ್ಕೆ ತಂಗಿ, ಎಂಗೊ ಮನೆಗೇ ಬೀಗ ಹಾಕ್ತ್ವಿಲ್ಲೆ, ಇಲ್ಲಿ ಕಳ್ಳರು ಯಾರಿದ್ದ, ಎಲ್ಲರದ್ದೂ ಒಂದೇ ಕಡೆಗೆ ಇರ್ಲಿ, ಯಾರು ಬೇಕಾದ್ರೂ ತೆಗೀಲಿ. ಕಳ್ಳರಿಗಲ್ಲ ಸ್ವಾಮೀ, ನಿಮಗೇ ಬೀಗ, ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, ಸರಿ, ಅಷ್ಟೇ ತಾನೇ ಎಂದಿದ್ದಳು.

ಅಷ್ಟೇ ತಾನೇ, ಒಂದು ಮಧ್ಯಾಹ್ನದ ಕೆಲಸ, ಸರ್ವರಿನಲ್ಲಿ ‘ಎಲ್ಲರೂ’ ಅಂತ ಒಂದು ಡೈರೆಕ್ಟರಿ, ಎಲ್ಲರ ಕಡತ ಒಟ್ಟಿಗೆ ಇಡುವ ಗೂಡು, ಮಾಡಿದಳು, ‘ಅತಿಥಿ’ ಅಂತ ಒಬ್ಬ ಬಳಕೆದಾರನನ್ನು ಹುಟ್ಟಿಸಿದಳು, ಅವನಿಗೆ ಪಾಸ್‌ವರ್ಡ್ ಇಲ್ಲ, ಮೂರು ಕಂಪ್ಯೂಟರೂ ಬೆಳಿಗ್ಗೆ ಎದ್ದ ಕೂಡಲೇ ಅತಿಥಿಯ ಹೆಸರಲ್ಲಿ ತಾವಾಗಿ ಒಳಗೆ ಹೋಗುವಂತೆ ಎರಡು ಸಾಲು ಬರೆದಳು, ಆಮೇಲೆ ಆ ಡೈರೆಕ್ಟರಿಯಲ್ಲಿ ಅತಿಥಿ ಏನೇನು ಮಾಡಬಹುದು ಅಂತ ಸರ್ವರು ಕೇಳಿತು, ಓದುವುದಕ್ಕೆ ಒಂದು ಅಕ್ಷರ, ಬರೆಯುವುದಕ್ಕೆ ಒಂದು, ಹೊಸದು ಇಡುವುದಕ್ಕೆ ಒಂದು, ಅಳಿಸುವುದಕ್ಕೆ ಒಂದು, ಅಳಿಸುವ ಅಕ್ಷರವನ್ನು ಅತಿಥಿಗೆ ಕೊಡಬೇಡಿ ಎಂದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಇತ್ತು, ಅವಳೇ ಅದರ ಕೆಳಗೆ ಗೆರೆ ಎಳೆದಿದ್ದಳು, ಬೆರಳು ಅಲ್ಲಿ ಒಂದು ಗಳಿಗೆ ನಿಂತಿತ್ತು ಕೂಡ — ಕೊಡದಿದ್ದರೆ ನಾಳೆ ಹೂವಯ್ಯ, ವರದಮ್ಮಾ ಇದು ಅಳಿಸಕ್ಕೆ ಬಿಡ್ತಾ ಇಲ್ಲ, ನಾಡಿದ್ದು ಸುಬ್ಬರಾಯರು, ಆಚೆನಾಡಿದ್ದು ಜಟ್ಟಪ್ಪ — ತಗೊಳ್ಳಿ, ನಾಲ್ಕೂ ತಗೊಳ್ಳಿ, ಏನಾದರೂ ಮಾಡಿಕೊಂಡು ಹಾಳಾಗಿ ಎಂದು ನಾಲ್ಕನ್ನೂ ಒತ್ತಿದ್ದಳು. ಮಾರನೇ ದಿನದಿಂದ ಯಾರೂ ಕೂಗಲಿಲ್ಲ. ಎಷ್ಟು ಸಲೀಸಾಯ್ತು ನೋಡು, ಮೊದಲೇ ಮಾಡಕ್ಕಾಗಿತ್ತು ಎಂದು ಸುಬ್ಬರಾಯರು ಶಭಾಸ್‌ಗಿರಿ ಕೊಟ್ಟು ಎರಡು ಬಾಳೆಹಣ್ಣನ್ನೂ ಕೊಟ್ಟರು, ಅವಳು ಹಣ್ಣನ್ನು ಜಟ್ಟಪ್ಪನಿಗೆ ಕೊಟ್ಟಳು.

ಡೈರೆಕ್ಟರಿ ತೆರೆದಳು. ಖಾಲಿ. ತಪ್ಪು ಒತ್ತಿದೆನೇನೋ, ಇವರ ಸಹವಾಸದಲ್ಲಿ ತನಗೂ ಬಂತೇನೋ, ಇನ್ನೊಮ್ಮೆ — ಖಾಲಿ, ಇನ್ನೂರ ಹನ್ನೆರಡು ಹೇಳಿಕೆ ಇರಬೇಕಾದ ಜಾಗದಲ್ಲಿ ಒಂದೂ ಇಲ್ಲ, ನಾಳೆ ಬೆಳಿಗ್ಗೆ ಶಿವಮೊಗ್ಗದಲ್ಲಿ ವಿಚಾರಣೆ, ಮಧ್ಯಾಹ್ನದ ಬಸ್ಸಿಗೆ ಸುಬ್ಬರಾಯರು ಕಾಗದ ಹೊತ್ತುಕೊಂಡು ಹೊರಡಬೇಕು, ಹೂವಯ್ಯಾ ಅಂದಳು, ಹೂವಯ್ಯ ತೀರ್ಥಹಳ್ಳಿಯ ಕಡೆಯ ಮೇಳಿಗೆಯವನು, ಗದ್ದೆ ಗಾಡಿ ಎಲ್ಲ ಇರುವ ಗೌಡರ ಮನೆಯವನು, ಹಣೆಯಲ್ಲಿ ಇನ್ನೂ ಪೂಜೆಯ ಬೊಟ್ಟು, ಮುಖದಲ್ಲಿ ಏನು ಸಂಭ್ರಮ, ನೋಡಿದ್ರಾ ವರದಮ್ಮ, ಒಳಗೂ ಚೊಕ್ಕ ಮಾಡೀನಿ, ಹೊರಗೆ ಮಾತ್ರ ಒರೆಸಿದ್ರೆ ಪೂಜೆ ಆಗ್ತದಾ, ನಮ್ಮಲ್ಲಿ ಗಾಡಿ ಪೂಜೆಗೆ ನಿಲ್ಸಬೇಕಾದ್ರೆ ಹೊರೆ ಇಳಿಸ್ದೆ ನಿಲ್ಸಲ್ಲ, ಹೊರೆ ಹೊತ್ಕಂಡು ನಿಂತಿದ್ದಕ್ಕೆ ಯಾರಾದ್ರೂ ಆರತಿ ಎತ್ತುತ್ತಾರಾ, ಅದ್ಕೂ ಒಂದಿನ ಹಗುರ ಆಗ್ಲಿ ಅಂತ ಎಲ್ಲ ಇಳಿಸ್ದೆ. ಎಲ್ಲಿಗೆ ಇಳಿಸಿದೆ ಮಾರಾಯಾ, ಎಲ್ಲಿಗೆ. ಅಳಿಸ್ದೆ, ಕಾಗದದಲ್ಲಿ ಹೆಂಗೂ ಉಂಟಲ್ಲ. ನಗುತ್ತಿದ್ದಾನೆ, ಮೆಚ್ಚಲಿ ಎಂದು ಕಾಯುತ್ತಿದ್ದಾನೆ, ಗಾಡಿಯಂತೆ, ಹೊರೆಯಂತೆ, ಎಂಥ ಮುಠ್ಠಾಳ, ಎಂಥ ಭಕ್ತ, ಅಳಿಸಿದ ಕೂಡಲೇ ಆಗಿದ್ದರೆ ವಾಪಸ್ ತರಬಹುದಿತ್ತು, ಪೂಜೆ ಮುಗಿಸಿ ಯಂತ್ರ ಆರಿಸಿ ಎರಡು ದಿನ ಆಯಿತು, ಆದರೂ ಒತ್ತಿ ನೋಡಿದಳು, ಇಲ್ಲ ಎಂದಿತು ಸರ್ವರು. ಅವನು ಹೇಳಿದ್ದು ಸುಳ್ಳೂ ಅಲ್ಲ, ಇನ್ನೂರ ಹನ್ನೊಂದು ಹೇಳಿಕೆ ಅಚ್ಚಾಗಿ ಹೆಬ್ಬೆಟ್ಟು ಬಿದ್ದು ಸುಬ್ಬರಾಯರ ಬೀರುವಿನಲ್ಲಿವೆ, ಫ್ಲಾಪಿಯಲ್ಲೂ ಇವೆ, ಪ್ರತಿ ಶನಿವಾರ ಅವಳು ಫ್ಲಾಪಿಗೆ ತೆಗೆಯುತ್ತಿದ್ದಳು, ಹೋದ ಶನಿವಾರ ಒಂದು ಬಿಟ್ಟು, ಹೋದ ಶನಿವಾರ ತಾಳಗುಪ್ಪದ ರೈಲಿಗೆ ಹೊತ್ತಾಗಿತ್ತು, ಇವರಿಗಾಗಿ ನಾನ್ಯಾಕೆ ಕಾಯಬೇಕು ಎಂದು ಎದ್ದು ಹೋಗಿದ್ದಳು. ಉಳಿದದ್ದು ಇನ್ನೂರ ಹನ್ನೆರಡನೆಯದು, ಹೋದ ಶುಕ್ರವಾರದ್ದು, ಅಚ್ಚುಯಂತ್ರದ ರಿಬ್ಬನ್ನು ಮುಗಿದಿತ್ತು ಎಂದು ಅಚ್ಚಾಗದೆ ನಿಂತದ್ದು, ಇವತ್ತು ಬಂದು ಹೆಬ್ಬೆಟ್ಟು ಒತ್ತು ಎಂದು ಹೇಳಿ ಕಳಿಸಿದ್ದ ಹುಲಿಯಮ್ಮನದು.

ವರದಮ್ಮಾ, ಹುಲಿಯಮ್ಮ ಬಂದದೆ, ಎಂದ ಜಟ್ಟಪ್ಪ ಬಾಗಿಲಲ್ಲಿ, ಹೊಸನಗರದಿಂದ ಮೊದಲ್ನೇ ಬಸ್ಸಿಗೆ, ರಿಪ್ಪನ್‌ಪೇಟೆಲಿ ಇಳಿದು ಬಸ್ಸು ಬದ್ಲಾಯಿಸ್ಕಂಡು ಬಂದದೆ, ನಿಮಗೆ ಹೊತ್ತಾಗಬಾರ್ದು ಅಂತ ನಾನೇ ಇಂಕು ಹಚ್ಚಿ ಕೂರ್ಸೀನಿ. ಬೆಂಚಿನ ಮೇಲೆ ಕೂತಿದ್ದಾಳೆ, ಎಪ್ಪತ್ತರ ಮುದುಕಿ, ಮಡಿಲಲ್ಲಿ ಕೈಚೀಲ, ಬಲಗೈಯನ್ನು ಮೈಯಿಂದ ದೂರ ಹಿಡಿದು, ಸೀರೆಗೆ ತಾಗದಂತೆ ಹೆಬ್ಬೆರಳೊಂದನ್ನೇ ಮೇಲಕ್ಕೆತ್ತಿದ್ದಾಳೆ, ನೀಲಿ ಹೆಬ್ಬೆರಳು, ಕಾಗದವೇ ಇಲ್ಲದೆ ಶಾಯಿ ಹಚ್ಚುವ ಜಾಣತನ ಜಟ್ಟಪ್ಪನಿಗಲ್ಲದೆ ಇನ್ಯಾರಿಗೆ ಬರಬೇಕು. ಸುಬ್ಬರಾಯರಿಗೆ ಸಂಗತಿ ಹೇಳಿದಳು, ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಅದ್ಕೆ ಎಂತ ದೊಡ್ಡದು ತಂಗಿ, ನಾಲ್ಕು ಸಾಲು ನೀನೇ ಬರದ್ಬಿಡು, ಅದ್ಕೆ ಓದಲೆ ಬತ್ತಾ, ಎಂತ ಬರದ್ರೂ ಹೆಬ್ಬೆಟ್ಟು ಒತ್ತುತ್ತು. ಎಷ್ಟು ಸಲೀಸಾಗಿ ಹೇಳುತ್ತಾರೆ, ಮೂವತ್ತು ವರ್ಷ ಇದನ್ನೇ ಮಾಡಿ ಬಂದವರು, ಥೂ ಎನಿಸಿತು, ಆದರೂ ಬಂದು ಕೂತಳು, ಯಾಕೆಂದರೆ ಇನ್ನೇನು ಮಾಡುವುದು, ಹೋಗಿ ಇನ್ನೊಂದು ಸಲ ಹೇಳು ಎನ್ನುವುದೇ, ಮುದುಕಿ ಮೊದಲೇ ಹೇಳಿದ್ದಳಲ್ಲ, ಈ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಒಂದೇ ಸಲ ಹೇಳ್ತೀನಿ ಅಮ್ಮಾ, ಇಷ್ಟು ವರ್ಷ ಯಾರ ಹತ್ರನೂ ಹೇಳಿಲ್ಲ, ಮತ್ತೆ ಕೇಳ್ಬ್ಯಾಡಿ, ಕೇಳಿದ್ರೆ ನಂಗೆ ಆಗಲ್ಲ. ಗೇಣಿಯವಳು, ಮನೆಗೆ ಪತ್ರ ಇಲ್ಲ, ಆ ಜಾಗದಲ್ಲಿ ಬದುಕಿದ್ದಕ್ಕೆ ಅವಳ ಬಾಯಿಯೊಂದೇ ಸಾಕ್ಷಿ, ಹಿತ್ತಲಲ್ಲಿ ಮಗುವನ್ನು ಮಣ್ಣು ಮಾಡಿದ್ದು, ನೀರು ಬರುವ ವರ್ಷ ಅದನ್ನು ಬಿಟ್ಟು ಬಂದದ್ದು, ಆ ಹೇಳಿಕೆ ಇದ್ದರೆ ಭೂಮಿ, ಇಲ್ಲದಿದ್ದರೆ ಅವಳು ಎಲ್ಲಿಯವಳೂ ಅಲ್ಲ.

ನೆನಪು ಮಾಡಿಕೋ, ನೀನೇ ಟೈಪು ಮಾಡಿದ್ದು, ಬೆರಳು ನಿನ್ನದೇ, ಹಿತ್ತಲಲ್ಲಿ ಒಂದು ಮರ ಅಂದಳು, ಯಾವ ಮರ, ಹಲಸೇ, ನೇರಳೆಯೇ, ಮರದಿಂದ ಎಷ್ಟೋ ಹೆಜ್ಜೆಗೆ ಒಂದು ಕಲ್ಲು, ಎಷ್ಟು ಹೆಜ್ಜೆ, ಮಗುವಿಗೆ ಮೂರು ವರ್ಷವೋ ನಾಲ್ಕೋ, ಹೆಸರು — ಮುದುಕಿ ಹೆಸರು ಹೇಳುವಾಗ ವರದಾ ಏನು ಮಾಡುತ್ತಿದ್ದಳು, ಗಡಿಯಾರ ನೋಡುತ್ತಿದ್ದಳು, ಮುದುಕಿಗೆ ಚುಟುಕಾಗಿ ಹೇಳಲು ಬರುವುದಿಲ್ಲ ಎಂದುಕೊಳ್ಳುತ್ತಿದ್ದಳು, ಅವಳ ಮಾತು ತಿದ್ದಿ ತಿದ್ದಿ ಸದರಿ ಜಾಗ, ಸದರಿ ಮರ ಎಂದು ಕಚೇರಿಯ ಕನ್ನಡ ಮಾಡುತ್ತಿದ್ದಳು, ಕಿವಿಯಿಂದ ಬೆರಳಿಗೆ ನೇರ ಹೋಯಿತು, ನಡುವೆ ಎಲ್ಲೂ ನಿಲ್ಲಲಿಲ್ಲ, ಸರ್ವರಿನಲ್ಲಿ ಇದೆಯಲ್ಲ, ನಾನ್ಯಾಕೆ ಇಟ್ಟುಕೊಳ್ಳಲಿ. ಹೂವಯ್ಯನನ್ನಾದರೂ ಕೇಳಬಹುದಿತ್ತು, ಅವನು ಅಂದು ರಜೆ, ಜಟ್ಟಪ್ಪ ಚಹಾಕ್ಕೆ ಹೋಗಿದ್ದ, ಕೇಳಿದವಳು ಅವಳೊಬ್ಬಳೇ, ಅವಳೂ ಕೇಳಲಿಲ್ಲ. ಹೂವಯ್ಯ ಯಂತ್ರಕ್ಕೆ ಆರತಿಯಾದರೂ ಎತ್ತಿದ, ನೀನು ಏನು ಮಾಡಿದೆಯೇ, ನಾಲ್ಕಕ್ಷರ ಧಾರೆ ಎರೆದು ಹಾಳಾಗಿ ಎಂದೆ, ಹಾಳಾದದ್ದು ಯಾರು ನೋಡು, ಬೆಂಚಿನ ಮೇಲೆ ಕೂತಿದೆ. ಆದರೂ ಬೆರಳು ಓಡುತ್ತಿದೆ, ಎಷ್ಟು ಸುಲಭ, ನಾನು ಹುಲಿಯಮ್ಮ, ಸದರಿ ಗ್ರಾಮದಲ್ಲಿ ವಾಸವಾಗಿದ್ದು, ಸದರಿ ಹಿತ್ತಲಿನಲ್ಲಿ ನನ್ನ ಮೃತ ಮಗುವನ್ನು ಹೂಳಲಾಗಿರುತ್ತದೆ, ಎಂಟು ಸಾಲು, ಹೊಸ ರಿಬ್ಬನ್ನು, ಅಚ್ಚುಯಂತ್ರ ಕರಕರ ಎಂದು ಉಗುಳಿತು, ಅಂಚು ಹರಿದಳು, ಚೊಕ್ಕವಾಗಿದೆ, ವಿಚಾರಣೆಯಲ್ಲಿ ಇದನ್ನು ಓದಿ ಯಾರೂ ಏನೂ ಕೇಳುವುದಿಲ್ಲ. ಸುಬ್ಬರಾಯರು ಒಳಗಿನಿಂದ, ಆತಾ ತಂಗಿ, ಎಂದರು. ಆಯಿತು, ಎಂದಳು.

ಹೊರಗೆ ಬಂದಳು, ಕಾಗದವನ್ನು ರಟ್ಟಿನ ಮೇಲಿಟ್ಟು ಹಿಡಿದಳು, ಹುಲಿಯಮ್ಮ ಎದ್ದು ನಿಂತಳು, ಕೈ ಇನ್ನೂ ಹಾಗೇ, ಶಾಯಿ ಅರ್ಧ ಒಣಗಿ ಗೆರೆಗಳೆಲ್ಲ ಎದ್ದು ಕಾಣುವ ನೀಲಿ ಹೆಬ್ಬೆರಳು, ಇಲ್ಲಿ ಒತ್ತು ಹುಲಿಯಮ್ಮ, ಕೆಳಗೆ, ಎಂದಳು ವರದಾ, ದನಿ ಎಂದಿನಂತೆಯೇ ಬಂತು, ಅದೇ ಗಡುಸು, ಮುದುಕಿ ಬಗ್ಗಿ ಕಾಗದವನ್ನು ನೋಡಿದಳು, ಓದು ಬಾರದವಳು ಅಷ್ಟು ಹೊತ್ತು ಏನು ನೋಡುತ್ತಾಳೆ, ಸಾಲು ಸಾಲಾಗಿ ಮೇಲಿನಿಂದ ಕೆಳಗೆ ನೋಡಿದಳು, ಅಮ್ಮಾ, ಅವನ ಹೆಸ್ರು ಎಲ್ಲದೆ ತೋರ್ಸಿ, ಅದ್ರ ಮೇಲೆ ಶಾಯಿ ಬೀಳ್ಬಾರ್ದು, ತಪ್ಪಿಸಿ ಒತ್ತುತೀನಿ. ಎಂಟು ಸಾಲು, ಯಾವುದಾದರೂ ಒಂದು ಪದ ತೋರಿಸಿದರೆ ಸಾಕು, ಸದರಿ ಎಂಬುದನ್ನೇ ತೋರಿಸು, ನಂಬುತ್ತಾಳೆ, ತಪ್ಪಿಸಿ ಒತ್ತುತ್ತಾಳೆ, ಬಸ್ಸು ಹೊರಡುತ್ತದೆ, ಭೂಮಿ ಸಿಗುತ್ತದೆ, ತೋರಿಸು, ಎತ್ತು ಬೆರಳು — ಎತ್ತಿದಳು, ಬೆರಳು ಕಾಗದದ ಮೇಲೆ ಹೋಯಿತು, ಮೊದಲ ಸಾಲು, ಎರಡನೇ ಸಾಲು, ಎಲ್ಲೂ ಇಳಿಯಲಿಲ್ಲ, ಇಲ್ಲಾ ಅಮ್ಮಾ, ಎಂದಳು ಹುಲಿಯಮ್ಮ, ಕೇಳಿದ್ದೋ ಹೇಳಿದ್ದೋ, ನೀಲಿ ಹೆಬ್ಬೆರಳು ಕಾಗದದ ಮೇಲೆ ಬಂದು ನಿಂತಿದೆ, ಜಾಗ ಹುಡುಕುತ್ತಿದೆ, ಯಾವ ಪದಕ್ಕೂ ತಾಗದಂತೆ, ಎಲ್ಲ ಪದವೂ ಅವನೇ ಇರಬಹುದು ಎಂಬಂತೆ, ನೀಲಿ ಹೆಬ್ಬೆರಳು, ಕೂದಲೆಳೆಯಷ್ಟು ಮೇಲೆ, ನೀಲಿ ಹೆಬ್ಬೆರಳು.