ಕೊನೆಯ ಪಿಕಪ್ ಯಾರದು?

ಹೈಟೆಕ್ ಸಿಟಿಯಲ್ಲಿ ದಿನಕ್ಕೊಂದು ಕಂಪನಿ ಬೋರ್ಡು ಏಳುತ್ತಿದ್ದ ಕಾಲ. ಸುಮತಿಯ ಆಫೀಸಿನ ಕ್ಯಾಬು ಬೆಳಗ್ಗೆ ಆರೂಕಾಲಿಗೆ ದಿಲ್‌ಸುಖ್‌ನಗರಕ್ಕೆ ಬಂದು, ಗಲ್ಲಿಗಲ್ಲಿ ಸುತ್ತಿ, ಆರೂಮುಕ್ಕಾಲಿಗೆ ಕೊನೆಯವರನ್ನು ಹತ್ತಿಸಿಕೊಳ್ಳುತ್ತಿತ್ತು. ಆ ಕೊನೆಯ ಪಿಕಪ್ ಸುಮತಿಯದು. ಹಾಗೆ ಉಳಿದ ಅರ್ಧ ತಾಸಿನಲ್ಲಿ ಅತ್ತೆ ಗುರುಬಾಯಿಗೆ ತೆಲುಗು ಅಕ್ಷರದ ಪಾಠ. ಬಸ್ಸಿನ ಬೋರ್ಡು ತಾನೇ ಓದಿ, ಒಬ್ಬಳೇ ನಾಂಪಲ್ಲಿಯ ತಂಗಿಯ ಮನೆಗೆ ಹೋಗಬೇಕೆಂದು ಆ ಬೀದರದ ಮುದುಕಿಯ ಹಟ.

ಅಷ್ಟರಲ್ಲಿ ಗಂಟುಬಿದ್ದ ನೋಡಿ, ಅದೇ ಕ್ಯಾಬಿನ ಮೊದಲ ಪಿಕಪ್ಪಿನ ವಿಜಯಕುಮಾರ.

"ಅಕ್ಕಾರ, ಎಲ್ಲಾರಿಗಿಂತ ಮೊದಲ ನಾನೇ ಏಳಬೇಕ್ರಿ. ನನ್ನ ಹಣೇಬರಾನೇ ಇಷ್ಟು!"

ಸುಮತಿಯ ಕರುಳು ಚುರ್ ಎಂದಿತು. ಸರದಿ ಬದಲಿಸಿಕೊಂಡಳು. ಮನೆಯಲ್ಲಿ ಪಾಠ ನಿಂತಿತು.

ವಾರವಾಗಲಿಲ್ಲ, "ಕಡೀಕ ಹತ್ತಿದವನಿಗೆ ಹಿಂದಿನ ಸೀಟೇ ಗತಿರಿ, ನಡಾ ಮುರೀತು" ಎಂದ. ಪಾಪ ಎಂದು ತನ್ನ ಮುಂದಿನ ಸೀಟು ಕೊಟ್ಟಳು. "ಏಸಿ ಗಾಳಿ ನನ್ನ ಮೂಗಿಗೇ ಹೊಡ್ಯಾಕತ್ತೈತಿ. ಏಸಿಗೂ ನಾನೇ ಸಿಕ್ಕೆ ನೋಡ್ರಿ!" ಏಸಿ ಆರಿಸಿದರು. "ಈಗ ಸೆಕಿ ಅಂತ ಎಲ್ಲಾರೂ ನನಗೇ ಬೈತಾರ!"

ಭಾನುವಾರ ನೋಡಿದರೆ ಗುರುಬಾಯಿ ಹಳೆಯ ಪಾಠದ ಹಾಳೆಯ ಮೇಲೆ ಒಬ್ಬಳೇ ಬೆರಳಾಡಿಸುತ್ತ ಕೂತಿದ್ದಳು.

"ಅತ್ತೀ, ಬ್ಯಾಸರಾತೇನ್ರಿ?"

"ಆಗೇತವಾ, ಸುಳ್ಳ್ಯಾಕ ಹೇಳ್ಲಿ? ಇರ್ಲಿ ಬಿಡು, ಮರೀಬಾರದಂತ ತಿದ್ದಾಕತ್ತೀನಿ."

ಸುಮತಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಕಳಕೊಂಡವಳು ಸುಮ್ಮನೆ ತಿದ್ದುತ್ತಿದ್ದಾಳೆ, ಕೇಳಿದ್ದೆಲ್ಲ ಸಿಕ್ಕವನು ಅಳುತ್ತಲೇ ಇದ್ದಾನೆ. ಇವನ ಕಷ್ಟಕ್ಕೆ ಮದ್ದು ಕೊಡುವುದೆಂದರೆ ತೂತು ಕೊಡಕ್ಕೆ ನೀರು ಹೊಯ್ದಂತೆ!

ಸೋಮವಾರ ಕ್ಯಾಬಿನಲ್ಲೇ ಹೇಳಿಬಿಟ್ಟಳು: "ವಿಜಯಕುಮಾರ, ನಾಳಿಯಿಂದ ಕಡೀ ಪಿಕಪ್ ನನ್ನದೇರಿ."

"ನೀವೂ ಹಿಂಗ ಮಾಡಿದ್ರೇನ್ರಿ ಅಕ್ಕಾರ!"

"ಹೂನ್ರಿ, ಮಾಡಿದೆ."

ಹೇಳಿದ್ದೇನೋ ಆಯಿತು, ದಿನವಿಡೀ ಅವಳಿಗೆ ಅದೇ ಯೋಚನೆ. ಪಾಪ, ಎಷ್ಟು ನೊಂದುಕೊಂಡನೋ ಏನೋ.

ಮರುದಿನ ಗುರುಬಾಯಿ 'ನಾಂಪಲ್ಲಿ' ಎಂದು ಪೂರ್ತಿ ಓದಿ, ಚಪ್ಪಾಳೆ ತಟ್ಟಿಕೊಂಡು ನಕ್ಕಳು. ಸುಮತಿಯೂ ನಗುತ್ತಲೇ ಬಂದು ಕ್ಯಾಬು ಹತ್ತಿದಳು. ಒಳಗೆ ವಿಜಯಕುಮಾರ ಮೊಬೈಲಿನಲ್ಲಿ ಯಾರಿಗೋ ಹೇಳುತ್ತಿದ್ದ: "ಅಂಬಣ್ಣಾ, ಕೇಳಿಲ್ಲಿ, ಸ್ವಂತ ಅಕ್ಕ ಅಂತ ತಿಳಿದಿದ್ದೆ, ಆಕೀನೂ ಕೈಕೊಟ್ಟಳಪ್ಪ!" ಅವನ ದನಿಯಲ್ಲಿ ಹೋಳಿಗೆ ಉಂಡವನ ಸಡಗರ. ಇಷ್ಟು ದಿನ ತಾನು ಕೊಟ್ಟದ್ದರಲ್ಲಿ ಅವನಿಗೆ ಖುಷಿಯಾಗಿದ್ದು ಇದೊಂದೇ ಎಂದು ಸುಮತಿಗೆ ಆಗ ಗೊತ್ತಾಯಿತು.