ಅಣ್ಣನ ಪುಟ

ಸ್ಟೆನೋ ಮೇಡಂ ಗೆಲ್ಲಲು ಶುರುಮಾಡಿದ ಮೇಲೆಯೇ ಅವಳ ನೋಟ್‌ಬುಕ್ಕು ಕ್ಲಬ್ಬಿನವರ ಕಣ್ಣಿಗೆ ಬಿದ್ದದ್ದು. ಅದಕ್ಕೆ ಮೊದಲಿನ ಎಂಟು ತಿಂಗಳು ಅವಳು ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಟೈರ್ ಅಂಗಡಿಯ ಮೇಲಿನ ಮಹಡಿ ಹತ್ತಿ ಬಂದು, ಹಸಿರು ಬಟ್ಟೆ ಹೊದಿಸಿದ ಪೋಕರ್ ಮೇಜಿಗೆ ಕೂತು, ಹನ್ನೊಂದೂವರೆಗೆಲ್ಲ ಸೋತು, ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಟೀ ಕುಡಿಯುತ್ತಿದ್ದಳು. ಆಗ ಎಲ್ಲರಿಗೂ ಅವಳೆಂದರೆ ಬಲು ಪ್ರೀತಿ. "ಪಾಪ, ಮೇಡಂ ಇವತ್ತೂ ಬೇಗ ಮುಗಿಸಿದ್ರು" ಎನ್ನುತ್ತಿದ್ದರು. ಬಿಸ್ಕತ್ತಿನ ತಟ್ಟೆ ಅವಳತ್ತ ಸರಿಸುತ್ತಿದ್ದರು.

ಆ 'ಪಾಪ' ಅನ್ನುವ ಮಾತು ಅವಳಿಗೆ ಚಪ್ಪಲಿಯೊಳಗೆ ಸಿಕ್ಕಿದ ಕಲ್ಲಿನ ಹಾಗೆ ಚುಚ್ಚುತ್ತಿತ್ತು.

ಮೂವತ್ತೆರಡು ವರ್ಷ ಕೋರ್ಟಿನಲ್ಲಿ ಸ್ಟೆನೋಗ್ರಾಫರ್ ಆಗಿದ್ದವಳು. ನ್ಯಾಯಾಧೀಶರ ಕೆಳಗಿನ ಪುಟ್ಟ ಮೇಜಿನಲ್ಲಿ ತಲೆ ತಗ್ಗಿಸಿ ಕೂತು, ವಕೀಲರ ಅಬ್ಬರ, ಸಾಕ್ಷಿಗಳ ತೊದಲು ಎಲ್ಲವನ್ನೂ ಶೀಘ್ರಲಿಪಿಯ ಗೆರೆ ಕೊಕ್ಕೆಗಳಲ್ಲಿ ಹಿಡಿದಿಟ್ಟವಳು. ತಲೆ ತಗ್ಗಿಸಿ ಬರೆಯುವವರ ಮುಂದೆ ಜನ ತಮ್ಮ ಮುಖವನ್ನು ಜೋಪಾನ ಮಾಡಿಕೊಳ್ಳುವುದಿಲ್ಲ. ಸುಳ್ಳು ಹೇಳುವಾಗ ಯಾರ ಕಾಲು ಅಲ್ಲಾಡುತ್ತದೆ, ಯಾರ ಕತ್ತು ಕೆಂಪಾಗುತ್ತದೆ ಎಂಬುದು ಅವಳಿಗೆ ಕರತಲಾಮಲಕ. ಆದರೆ ಅದನ್ನು ಈವರೆಗೆ ಯಾರೂ ಕೇಳಿರಲಿಲ್ಲ.

ಅವಳನ್ನು ಪೋಕರಿಗೆ ಕರೆತಂದವನು ಅಣ್ಣ. ಕ್ಲಬ್ಬಿನ ಕಾರ್ಯದರ್ಶಿ ಅವನೇ. "ರಿಟೈರ್ ಆಗಿ ಮನೇಲಿ ಗೋಡೆ ನೋಡ್ತಾ ಕೂರ್ತೀಯ, ಬಾ" ಅಂದಿದ್ದ. ಚಿಕ್ಕಂದಿನಲ್ಲಿ ಅವಳಿಗೆ ಇಸ್ಪೀಟು ಕಲಿಸಿದವನೂ ಅವನೇ. ಅವಳು ಗೆಲ್ಲುವ ಹಂತಕ್ಕೆ ಬಂದಾಗಲೆಲ್ಲ "ಈ ಆಟದಲ್ಲಿ ಇನ್ನೊಂದು ನಿಯಮ ಇದೆ, ಹೇಳೋಕೆ ಮರೆತಿದ್ದೆ" ಎನ್ನುತ್ತಿದ್ದವನು.

ಈ ಕ್ಲಬ್ಬಿನಲ್ಲಿ ದುಡ್ಡಿನ ಮಾತಿಲ್ಲ. ಎಲ್ಲರಿಗೂ ಸಮನಾಗಿ ಪ್ಲಾಸ್ಟಿಕ್ ಬಿಲ್ಲೆ ಹಂಚುತ್ತಾರೆ, ಬಿಲ್ಲೆ ಮುಗಿದವರು ಏಳಬೇಕು, ಕೊನೆಗೆ ಉಳಿದವರು ಗೆದ್ದಂತೆ. ಪ್ರತಿಯೊಬ್ಬರ ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಒಳ್ಳೆಯ ಎಲೆ ಇದ್ದವರು ಗೆಲ್ಲಬಹುದು. ಏನೂ ಇಲ್ಲದವರೂ ಇದ್ದವರ ಹಾಗೆ ಬಿಲ್ಲೆ ಏರಿಸಿ, ಎದುರಿನವರನ್ನು ಹೆದರಿಸಿ ಓಡಿಸಿ ಗೆಲ್ಲಬಹುದು. ಎಂಟು ತಿಂಗಳು ಅವಳು ಎಲೆಯನ್ನಷ್ಟೇ ನೋಡಿದ್ದಳು. ಒಂದು ಭಾನುವಾರ ಬೆತ್ತದ ಕುರ್ಚಿಯಲ್ಲಿ ಕೂತು, ಟೀ ಆರುವುದನ್ನೂ ಗಮನಿಸದೆ, ಆಡುತ್ತಿದ್ದವರನ್ನು ನೋಡತೊಡಗಿದಳು. ಮಾರನೆಯ ವಾರ ಕೈಚೀಲದಲ್ಲಿ ನೋಟ್‌ಬುಕ್ಕು ಬಂತು. ಒಬ್ಬೊಬ್ಬರಿಗೆ ಒಂದೊಂದು ಪುಟ.

ಅಲ್ಲಿಂದಾಚೆಗೆ ಐದು ಭಾನುವಾರಗಳಲ್ಲಿ ಮೂರು ಸಲ ಅವಳೇ ಗೆದ್ದಳು. ಬಿಸ್ಕತ್ತಿನ ತಟ್ಟೆ ಅವಳತ್ತ ಬರುವುದು ನಿಂತಿತು.

ವರ್ಷದ ಕೊನೆಯ ಪಂದ್ಯದ ದಿನ ಒಂಬತ್ತು ಜನ ಸೇರಿದ್ದರು. ಅವತ್ತು ಗೆದ್ದವರು ಅಂತರ ಕ್ಲಬ್ ಪಂದ್ಯಕ್ಕೆ ಹೋಗುವುದು ರೂಢಿ. ನಾಲ್ಕು ವರ್ಷದಿಂದ ಅಣ್ಣನೇ ಹೋಗುತ್ತಿದ್ದ. ಎಲೆ ಹಂಚುವ ಮೊದಲು ಅವನು ಗಂಟಲು ಸರಿಮಾಡಿಕೊಂಡ.

"ಒಂದ್ನಿಮಿಷ. ನೋಟ್‌ಬುಕ್ ಇಟ್ಕೊಂಡು ಆಡೋದು ಸರಿಯಲ್ಲ ಅಂತ ಕೆಲವರು ಹೇಳ್ತಿದಾರೆ."

"ಕೆಲವರು ಅಂದ್ರೆ ಯಾರಣ್ಣ?" ಅವಳು ಕೇಳಿದಳು.

"ಯಾರಾದ್ರೇನು? ಇದು ಸ್ನೇಹಿತರ ಕ್ಲಬ್ಬು. ಬೇಹುಗಾರಿಕೆ ಮಾಡೋ ಜಾಗ ಅಲ್ಲ."

"ಯಾವ ನಿಯಮದಲ್ಲಿ ಬರೆದಿದೆ, ತೋರಿಸು. ಈಗಲೇ ಚೀಲಕ್ಕೆ ಹಾಕ್ತೀನಿ."

"ಎಲ್ಲದಕ್ಕೂ ನಿಯಮ ಬೇಕೇನೇ? ಮರ್ಯಾದೆ ಅಂತ ಒಂದಿರುತ್ತೆ."

ಪಕ್ಕದಲ್ಲಿದ್ದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಕೈಚಾಚಿ ನೋಟ್‌ಬುಕ್ಕನ್ನು ಎಳೆದುಕೊಂಡೇ ಬಿಟ್ಟರು. ಪುಟ ತಿರುವಿದರು, ತಲೆಕೆಳಗು ಮಾಡಿ ನೋಡಿದರು. "ಏನ್ರೀ ಇದು, ಶಾಯಿ ತುಳಿದ ಇರುವೆ ಮೆರವಣಿಗೆ ಹೋದ ಹಾಗಿದೆ!" ಎಂದರು. ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ.

"ಮುಚ್ಚಿಡೋಂಥದ್ದು ಇಲ್ಲ ಅಂದ್ರೆ ಓದು, ಎಲ್ಲರೂ ಕೇಳ್ಲಿ" ಎಂದ. "ಆಗಲ್ಲ ಅಂದ್ರೆ ಇವತ್ತು ಆಡ್ಬೇಡ."

ಅವಳು ಅವನ ಮುಖ ನೋಡಿದಳು. ಹತ್ತು ವರ್ಷದ ಹುಡುಗ 'ಇನ್ನೊಂದು ನಿಯಮ ಇದೆ' ಎನ್ನುವಾಗ ಇದ್ದ ಅದೇ ಮುಖ, ಈಗ ಕನ್ನಡಕ ಬಂದಿದೆ ಅಷ್ಟೇ. ಓದಿದರೆ ಆರು ವಾರದ ಕೆಲಸ ನೀರುಪಾಲು. ಎದ್ದು ಹೋದರೆ ಮುಂದಿನ ವಾರದಿಂದ ಮತ್ತೆ ಬಿಸ್ಕತ್ತು.

ಅವಳು ಮೇಷ್ಟ್ರ ಕೈಯಿಂದ ನೋಟ್‌ಬುಕ್ಕು ತೆಗೆದುಕೊಂಡು ಎದ್ದು ನಿಂತಳು. ಸಾಕ್ಷಿಯ ಹೇಳಿಕೆಯನ್ನು ನ್ಯಾಯಾಲಯಕ್ಕೆ ಓದಿ ಹೇಳುವ, ಏರಿಳಿತವಿಲ್ಲದ ದನಿಯಲ್ಲಿ ಶುರುಮಾಡಿದಳು.

"ಔಷಧಿ ಅಂಗಡಿಯವರು. ಒಳ್ಳೆ ಎಲೆ ಇಲ್ಲದೆ ಕೈ ಹಾಕುವುದಿಲ್ಲ. ಸ್ವಲ್ಪ ಜೋರು ಮಾಡಿದರೆ ಬಿಟ್ಟು ಓಡುತ್ತಾರೆ. ಇವರನ್ನು ಹೆದರಿಸಬೇಕು, ಏನೂ ಇಲ್ಲದಿದ್ದರೂ."

ಔಷಧಿ ಅಂಗಡಿಯವರ ಕಿವಿ ಕೆಂಪಾಯಿತು.

"ಡ್ರೈವಿಂಗ್ ಮೇಷ್ಟ್ರು. ಹಿಡಿದದ್ದನ್ನು ಬಿಡುವ ಜಾಯಮಾನವಲ್ಲ. ಮುಂದೆ ಗೋಡೆ ಕಂಡರೂ ಬ್ರೇಕ್ ಒತ್ತುವುದಿಲ್ಲ. ಇವರ ಹತ್ತಿರ ಬೊಗಳೆ ಬಿಡಬಾರದು. ನಿಜವಾದ ಎಲೆ ಬಂದಾಗ ಮಾತ್ರ ದೊಡ್ಡದಾಗಿ ಹಾಕಬೇಕು."

ಈ ಸಲ ನಗು ಮೇಷ್ಟ್ರ ಮೇಲೆ ತಿರುಗಿತು. ಅವಳು ಯಾರನ್ನೂ ಬಿಡದೆ ಓದಿದಳು. ಆಮೇಲೆ ಕೊನೆಯ ಪುಟ ತಿರುವಿದಳು.

"ಅಣ್ಣ. ಒಳ್ಳೆ ಎಲೆ ಇದ್ದಾಗ ಬಾಯಿ ತುಂಬ ಮಾತು, ಬಿಲ್ಲೆ ಸ್ವಲ್ಪ ಸ್ವಲ್ಪ. ಏನೂ ಇಲ್ಲದಾಗ ಮಾತು ನಿಲ್ಲುತ್ತದೆ, ಎರಡೂ ಕೈಯಿಂದ ಗುಡ್ಡೆ ತಳ್ಳುತ್ತಾನೆ."

"ಆಯ್ತಾ?" ಅಣ್ಣ ಕೇಳಿದ.

"ಆಯ್ತು. ಈಗ ಎಲೆ ಹಂಚು."

"ಕಾಡುಹರಟೆ!" ಅಣ್ಣ ಸುತ್ತಲೂ ನೋಡಿ ಹೇಳಿದ. "ನಾನು ಹೇಗೆ ಆಡ್ತಿದ್ನೋ ಹಾಗೇ ಆಡ್ತೀನಿ. ಇವಳು ಗೀಚಿದ್ದಕ್ಕೆಲ್ಲ ನಾನ್ಯಾಕೆ ಬದಲಾಗ್ಲಿ?"

ಮೊದಲ ಗಂಟೆ ಅವಳ ಗ್ರಹಚಾರ ನೆಟ್ಟಗಿರಲಿಲ್ಲ. ರೂಢಿಯಂತೆ ಔಷಧಿ ಅಂಗಡಿಯವರನ್ನು ಹೆದರಿಸಲು ಹೋಗಿ ಅರ್ಧ ಬಿಲ್ಲೆ ಕಳೆದುಕೊಂಡಳು. ಅವರು ಓಡಲೇ ಇಲ್ಲ. ಕೈಯಲ್ಲಿದ್ದದ್ದು ಬರೀ ಜೋಡಿ ಐದು, ಆದರೂ ಕಚ್ಚಿಕೊಂಡು ಕೂತು ಗೆದ್ದರು. "ಏನ್ ಮೇಡಂ, ಓಡ್ತೀನಿ ಅಂತ ಬರೆದಿದ್ರಲ್ಲ?" ಎಂದು ಮೇಜು ಕುಟ್ಟಿದರು.

ಅವಳು ಎದ್ದು ಹೋಗಿ ನಲ್ಲಿಯ ಕೆಳಗೆ ಕೈ ಹಿಡಿದು ನಿಂತಳು. ಬರೆದದ್ದು ತಪ್ಪಾಗಿರಲಿಲ್ಲ, ನಿನ್ನೆಯ ಮಟ್ಟಿಗೆ ಸರಿಯಾಗಿತ್ತು. ಇವತ್ತು ಇವರೆಲ್ಲ ನಾಲ್ಕು ಜನರ ಮುಂದೆ ಮುಖಭಂಗವಾದವರು. ಹೇಡಿ ಅನ್ನಿಸಿಕೊಂಡವನು ಇವತ್ತು ಓಡಲಾರ. ಹಠಮಾರಿ ಅನ್ನಿಸಿಕೊಂಡವನು? ಅವಳು ನಲ್ಲಿ ನಿಲ್ಲಿಸಿ, ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಬಂದು, ಎಲ್ಲರಿಗೂ ಕಾಣುವ ಹಾಗೆ ನೋಟ್‌ಬುಕ್ಕು ತೆರೆದು ಒಂದಾದ ಮೇಲೊಂದು ಪುಟದಲ್ಲಿ ಗೆರೆ ಹೊಡೆದು ಮತ್ತೇನೋ ಬರೆದಳು.

"ಮತ್ತೇನು ಬರೀತಿದೀಯ?" ಅಣ್ಣ ಸಿಡುಕಿದ.

"ತಿದ್ದುಪಡಿ" ಎಂದಳು.

ಆಮೇಲೆ ಅವಳು ಔಷಧಿ ಅಂಗಡಿಯವರನ್ನು ಹೆದರಿಸಲು ಹೋಗಲೇ ಇಲ್ಲ. ಕೆಟ್ಟ ಎಲೆಗಳನ್ನೆಲ್ಲ ಬಾಯಿ ಮುಚ್ಚಿಕೊಂಡು ಕೆಳಗಿಟ್ಟಳು. ಮುಕ್ಕಾಲು ಗಂಟೆ ಕಾದ ಮೇಲೆ ಎರಡು ರಾಜ ಬಂದವು. ಅವಳು ಏರಿಸಿದಳು, ಅವರು ಬಿಡಲಿಲ್ಲ. ಮತ್ತೆ ಏರಿಸಿದಳು, ಅವರು ಎದೆ ಸೆಟೆಸಿ ಇದ್ದದ್ದನ್ನೆಲ್ಲ ಮುಂದೆ ತಳ್ಳಿದರು. ಅವರ ಕೈಯಲ್ಲಿದ್ದದ್ದು ಜೋಡಿ ಎಂಟು. ಬಿಲ್ಲೆಯೆಲ್ಲ ಅವಳ ಕಡೆ ಬಂದಾಗ ಅವರು, "ನಾನು ಹೆದರಿದ್ರೇ ಚೆನ್ನಾಗಿತ್ತು" ಅಂದು ಎದ್ದರು.

ಮೇಷ್ಟ್ರ ವಿಷಯ ಇದಕ್ಕೆ ತದ್ವಿರುದ್ಧ. ಯಾವತ್ತೂ ಬೊಗಳೆ ಬಿಡಬಾರದೆಂದು ಬರೆದಿದ್ದವಳು ಈಗ ಏನೇನೂ ಇಲ್ಲದೆ ಏರಿಸಿದಳು. ಮೇಷ್ಟ್ರು ಒದ್ದಾಡಿದರು, ಹುಬ್ಬು ಉಜ್ಜಿಕೊಂಡರು, ಆಮೇಲೆ ತಮ್ಮ ಎಲೆ ತಿರುಗಿಸಿ ಜೋಡಿ ಗುಲಾಮನನ್ನು ಎಲ್ಲರಿಗೂ ತೋರಿಸಿ ಕೆಳಗಿಟ್ಟರು. "ನೋಡ್ಕೊಳ್ಳಿ, ನಂಗೂ ಬ್ರೇಕ್ ಹಾಕೋಕೆ ಬರುತ್ತೆ!"

"ಎಂಥಾ ಸಂಯಮ ಮೇಷ್ಟ್ರೇ" ಎಂದು ಅವಳು ತನ್ನ ಮೂರು ಮತ್ತು ಆರನ್ನು ಯಾರಿಗೂ ತೋರಿಸದೆ ಕಟ್ಟಿಗೆ ಸೇರಿಸಿದಳು. ಹೀಗೆ ನಾಲ್ಕು ಸಲ ಬ್ರೇಕ್ ಒತ್ತಿದ ಮೇಲೆ ಮೇಷ್ಟ್ರ ಮುಂದೆ ಹಿಡಿಯಷ್ಟು ಬಿಲ್ಲೆಯೂ ಉಳಿಯಲಿಲ್ಲ. ಅವರನ್ನು ಅಣ್ಣ ಮುಗಿಸಿದ. ಉಳಿದವರು ಆ ಹೊತ್ತಿಗೆ ಒಬ್ಬೊಬ್ಬರಾಗಿ ಎದ್ದು ಹೋಗಿ ಕುರ್ಚಿಯ ಹಿಂದೆ ನಿಂತಿದ್ದರು.

ಮಧ್ಯಾಹ್ನ ಎರಡು ಗಂಟೆಗೆ ಮೇಜಿನಲ್ಲಿ ಅಣ್ಣ ತಂಗಿ ಇಬ್ಬರೇ. ಕೆಳಗೆ ಅಂಗಡಿಯಲ್ಲಿ ಯಾರೋ ಟೈರಿಗೆ ಗಾಳಿ ತುಂಬುವ ಸದ್ದು. ಇಬ್ಬರ ಗುಡ್ಡೆಯೂ ಹೆಚ್ಚುಕಡಿಮೆ ಸಮ, ಅವಳದೇ ನಾಲ್ಕು ಬಿಲ್ಲೆ ಮುಂದು.

ಆ ಸುತ್ತಿನಲ್ಲಿ ಅವಳಿಗೆ ಬಂದದ್ದು ಒಂಬತ್ತು ಮತ್ತು ಎಂಟು. ಮೇಜಿನ ಮೇಲೆ ಒಂದೊಂದಾಗಿ ರಾಜ, ಒಂಬತ್ತು, ನಾಲ್ಕು, ಗುಲಾಮ, ಕೊನೆಗೆ ಎರಡು. ಅವಳ ಪಾಲಿಗೆ ಜೋಡಿ ಒಂಬತ್ತು. ತೀರ ಕೆಟ್ಟದ್ದಲ್ಲ, ಆದರೆ ಅಣ್ಣನ ಕೈಯಲ್ಲಿ ಒಂದೇ ಒಂದು ರಾಜನೋ ಗುಲಾಮನೋ ಇದ್ದರೆ ಕಥೆ ಮುಗಿಯಿತು.

ಅಣ್ಣ ಅಲ್ಲಿಯವರೆಗೆ ಫ್ಯಾನಿನ ಬಗ್ಗೆ, ಸೆಖೆಯ ಬಗ್ಗೆ ಏನೋ ಹೇಳುತ್ತಿದ್ದವನು ಮಾತು ನಿಲ್ಲಿಸಿದ. ಎರಡೂ ಕೈಯಿಂದ ತನ್ನ ಗುಡ್ಡೆಯನ್ನು ಪೂರ್ತಿ ಮುಂದೆ ತಳ್ಳಿದ.

ಹಿಂದೆ ನಿಂತವರಲ್ಲಿ ಗುಸುಗುಸು ಎದ್ದಿತು. "ಬೇಕಂತಲೇ ಮಾಡ್ತಿದಾರೆ" ಎಂದರು ಮೇಷ್ಟ್ರು. "ಬೋನು ಮೇಡಂ, ಬೀಳ್ಬೇಡಿ."

ಯಾರಾದರೂ ಹಾಗೇ ಅಂದುಕೊಳ್ಳಬೇಕು. ತನ್ನ ಗುಟ್ಟು ಎಂಟು ಜನರ ಮುಂದೆ ರಟ್ಟಾದ ಮೇಲೆ ಅದನ್ನೇ ಯಾರು ಮತ್ತೆ ಮಾಡುತ್ತಾರೆ? ಉಳಿದವರೆಲ್ಲ ನಾಚಿಕೊಂಡು ಬದಲಾದರಲ್ಲ? ಅವಳು ಅಣ್ಣನ ಪುಟ ತೆರೆದಳು. ತಿದ್ದುಪಡಿ ಇಲ್ಲದ ಪುಟ ಅದೊಂದೇ. ನಾಚಿಕೊಳ್ಳಬೇಕಾದರೆ ಮೊದಲು ತಂಗಿ ಹೇಳಿದ್ದು ನಿಜವೆಂದು ಒಪ್ಪಿಕೊಳ್ಳಬೇಕು. ಅರವತ್ತು ವರ್ಷದಲ್ಲಿ ಅವನು ಅವಳ ಒಂದು ಮಾತನ್ನೂ ಒಪ್ಪಿದವನಲ್ಲ. ಮದುವೆ ಬೇಡ ಅಂದಾಗ ಒಪ್ಪಲಿಲ್ಲ, ಕೆಲಸಕ್ಕೆ ಸೇರುತ್ತೇನೆ ಅಂದಾಗ ಒಪ್ಪಲಿಲ್ಲ, ಅಪ್ಪನಿಗೆ ದೊಡ್ಡಾಸ್ಪತ್ರೆಯೇ ಬೇಕು ಅಂದಾಗಲೂ ಒಪ್ಪಲಿಲ್ಲ. ಇವತ್ತು ಇರುವೆ ಸಾಲಿನಂಥ ನಾಲ್ಕು ಗೆರೆಗೆ ಒಪ್ಪುತ್ತಾನೆಯೇ?

"ಯೋಚನೆ ಮಾಡು, ಅವಸರ ಇಲ್ಲ" ಎಂದ ಅಣ್ಣ, ಬಾಯಿ ತೆರೆದದ್ದೇ ತಪ್ಪಾಯಿತೆಂಬಂತೆ ತಕ್ಷಣ ಮುಚ್ಚಿಕೊಂಡ.

"ಯೋಚನೆ ಮಾಡಿಯೇ ಬಂದಿದೀನಿ" ಎಂದು ಅವಳು ತನ್ನ ಗುಡ್ಡೆಯನ್ನೂ ಮುಂದೆ ಸರಿಸಿದಳು. "ಎಲೆ ತೋರಿಸು."

ಎಕ್ಕ ಮತ್ತು ಹತ್ತು. ಒಂದು ರಾಣಿ ಬಂದಿದ್ದರೆ ಸಾಲು ಪೂರ್ತಿಯಾಗುತ್ತಿತ್ತು, ಬರಲಿಲ್ಲ. ಜೋಡಿಯೂ ಇಲ್ಲ. ಅವಳು ಒಂಬತ್ತನ್ನು ಮೇಜಿನ ಒಂಬತ್ತಿನ ಪಕ್ಕ ಇಟ್ಟಳು. ಔಷಧಿ ಅಂಗಡಿಯವರು ಚಪ್ಪಾಳೆ ತಟ್ಟಿ, ಅಣ್ಣನ ಮುಖ ಕಂಡು ಅರ್ಧಕ್ಕೇ ನಿಲ್ಲಿಸಿದರು.

"ಅದೃಷ್ಟ" ಎಂದ ಅಣ್ಣ.

"ಹಾಗೇ ಬರ್ಕೋತೀನಿ ಬಿಡು."

ಹತ್ತು ದಿನ ಅವನು ಮಾತಾಡಲಿಲ್ಲ. ಅತ್ತಿಗೆ ಬಂದಳು. ಅಡುಗೆಮನೆಯ ಕಟ್ಟೆಗೊರಗಿ, "ಒಂದು ಸಾರಿ ಕ್ಷಮೆ ಕೇಳ್ಬಿಡು, ನಿನ್ನ ಗಂಟೇನು ಹೋಗುತ್ತೆ?" ಎಂದಳು.

"ಯಾವುದಕ್ಕೆ ಅತ್ತಿಗೆ? ಅವನೇ ಓದು ಅಂದ, ಓದಿದೆ. ಅವನೇ ಸೋತ, ನಾನು ನೋಡಿದೆ."

ಅತ್ತಿಗೆ ಸೆರಗಿನ ತುದಿ ಸುತ್ತಿದಳು. "ಅಲ್ವೇ, ಅವರು ಸುಳ್ಳು ಹೇಳೋವಾಗ ಸುಮ್ನಾಗ್ತಾರೆ ಅಂತ ನಿಂಗೆ ಯಾವಾಗ ಗೊತ್ತಾಯ್ತು? ನಂಗೆ ಮೊದಲೇ ಹೇಳ್ಬಾರ್ದಿತ್ತಾ? ಮದುವೆಯಾಗಿ ಮೂವತ್ತೆಂಟು ವರ್ಷ ಆಯ್ತು!" ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕ್ಷಮೆಯ ಮಾತು ಮತ್ತೆ ಬರಲಿಲ್ಲ.

ಅಂತರ ಕ್ಲಬ್ ಪಂದ್ಯದಲ್ಲಿ ಅವಳು ಏಳು ಜನ ಅಪರಿಚಿತರ ನಡುವೆ ಕೂತು ಮೂರನೆಯವಳಾಗಿ ಬಂದಳು. ಅಣ್ಣ ನಾಲ್ಕು ವರ್ಷದಲ್ಲಿ ಒಮ್ಮೆಯೂ ಆರನೆಯ ಸ್ಥಾನ ದಾಟಿರಲಿಲ್ಲ. ಅದನ್ನು ಅವಳು ಯಾರಿಗೂ ಹೇಳಲಿಲ್ಲ, ಮೇಷ್ಟ್ರು ಎಲ್ಲರಿಗೂ ಹೇಳಿದರು.

ಆಮೇಲೆ ಸರ್ವಸದಸ್ಯರ ಸಭೆ ಕರೆದ ಅಣ್ಣ. ವಿಷಯ ಒಂದೇ: ಮೇಜಿನಲ್ಲಿ ಟಿಪ್ಪಣಿ ಬರೆಯುವುದನ್ನು ನಿಷೇಧಿಸುವುದು. "ನೀನೇ ನಡಾವಳಿ ಬರ್ಕೋ" ಎಂದು ಅವಳ ಮುಂದೆ ಪುಸ್ತಕ ತಳ್ಳಿದ. ಕ್ಲಬ್ಬಿನ ಸಭೆಗಳಲ್ಲಿ ಬರೆಯುವ ಕೆಲಸ ಅವಳಿಗೇ ಬೀಳುತ್ತಿತ್ತು.

ಅವಳು ಪುಸ್ತಕವನ್ನು ಹಾಗೇ ವಾಪಸು ತಳ್ಳಿದಳು. "ಇವತ್ತು ಬರೆಯಲ್ಲ, ಮಾತಾಡ್ತೀನಿ. ಬರೆಯೋವ್ರಿಗೆ ಮಾತಾಡೋಕಾಗಲ್ಲ."

ಎದ್ದು ನಿಂತು ಮಾತಾಡಿದಳು. ಉದ್ದ ಭಾಷಣವೇನಲ್ಲ. ನೀವೆಲ್ಲ ನನ್ನನ್ನು ಎಂಟು ತಿಂಗಳು ನೋಡಿದಿರಿ, 'ಪಾಪ' ಅಂತ ಮನಸ್ಸಿನಲ್ಲಿ ಬರೆದುಕೊಂಡಿರಿ. ನಾನು ಕಾಗದದಲ್ಲಿ ಬರೆದುಕೊಂಡೆ. ಮನಸ್ಸಿನದನ್ನೂ ನಿಷೇಧ ಮಾಡುವುದಾದರೆ ನಾನೂ ಕೈಯೆತ್ತುತ್ತೇನೆ ಎಂದು ಕೂತಳು.

ನಿಷೇಧದ ಪರ ಮೂರು ಕೈ ಎದ್ದವು, ವಿರುದ್ಧ ಆರು. ಆರರಲ್ಲಿ ಮೊದಲು ಎದ್ದದ್ದು ಔಷಧಿ ಅಂಗಡಿಯವರದು. ಅವರ ಅಂಗಿ ಜೇಬಿನಲ್ಲಿ ಹೊಸದೊಂದು ಪುಟ್ಟ ನೋಟ್‌ಬುಕ್ಕು ಇಣುಕುತ್ತಿತ್ತು.

ಬರೆಯಲು ಬೇರೆ ಯಾರೂ ಮುಂದೆ ಬಾರದೆ ಅಣ್ಣನೇ ಪೆನ್ನು ಹಿಡಿದಿದ್ದ. ಸಾಲು ಸೊಟ್ಟಗೆ ಹೋಗುತ್ತಿತ್ತು. ಅರ್ಧದಲ್ಲಿ ನಿಲ್ಲಿಸಿ, ತಲೆ ಎತ್ತದೆ ಕೇಳಿದ:

"ತಿರಸ್ಕರಿಸಲಾಯಿತು ಅಂತ ಹಾಕಿದ್ರೆ ಸಾಕಲ್ವೇನೇ?"

"ಬಹುಮತದಿಂದ ಅಂತಲೂ ಸೇರಿಸು ಅಣ್ಣ" ಎಂದಳು ಅವಳು.