ನಲವತ್ತೇಳನೇ ಪಟ್ಟಿ

“ಇನ್ನೊಬ್ರು ಬರ್ರೆಪ್ಪ, ಒಂದು ಹೆಗಲು ಸಾಕು,” ಎಂದು ಮಾರೆಣ್ಣ ಮೂರನೇ ಸಲ ಕೂಗಿದ. ಚಟ್ಟದ ಮೂರು ಕೊನೆಗಳನ್ನು ಅವನೂ ಅವನ ತಮ್ಮನೂ ಎಮ್ಮಿಗನೂರಿನಿಂದ ಬಂದ ಅಳಿಯನೂ ಹಿಡಿದಿದ್ದರು. ನಾಲ್ಕನೆಯದು ನೆಲದ ಮೇಲಿತ್ತು. ಎದುರಿನ ಕಟ್ಟೆಯ ಗಂಡಸರು ಅಲ್ಲಾಡಲಿಲ್ಲ.

ಸತ್ತವನು ಮಾರೆಣ್ಣನ ದಾಯಾದಿ, ಬಡಿಗೇರ ಯರ್ರೆಪ್ಪ. ಪೆದ್ದಹರಿವಾಣದಲ್ಲಿ ಅವನ ಕೈಯ ಬಾಗಿಲೋ ತೊಟ್ಟಿಲೋ ಇಲ್ಲದ ಮನೆಯಿರಲಿಲ್ಲ. ಆದರೆ ಎಂಟು ವರ್ಷದಿಂದ ಊರಿಗೆ ಅವನು ಗಿಡ್ಡಮ್ಮನನ್ನು ಕೊಂದವನು, ಅಷ್ಟೇ.

ನರಸಿಂಹ ಚಪ್ಪಲಿ ಬಿಟ್ಟು ಮುಂದೆ ಬಂದ. ಆದೋನಿಯಲ್ಲಿ ನಕ್ಷೆ ಬರೆಯುವ ಕೆಲಸದವನು. ಸುದ್ದಿ ಕೇಳಿ ಬೆಳಗಿನ ಬಸ್ಸು ಹಿಡಿದಿದ್ದ. “ನಾನು ಹಿಡೀತೀನಿ.”

ಮಾರೆಣ್ಣ ಅವನ ಹಣೆಯ ಅಂಗಾರ ಅಕ್ಷತೆ ನೋಡಿದ. “ಬ್ಯಾಡ್ರಿ ಸ್ವಾಮಿ. ನಾಳೆ ನಿಮ್ಮೋರು ಬಂದು ನಮ್ಮನ್ನ ಕೇಳ್ತಾರ. ಏಯ್, ಬಂಡಿ ಕಟ್ರೋ!”

*

ಎಪ್ಪತ್ತೊಂಬತ್ತರಲ್ಲಿ ಆದೋನಿಯ ಹೊರಗೆ ಹತ್ತಿ ಗೋದಾಮೊಂದು ಏಳುತ್ತಿತ್ತು. ನಡುವೆ ಕಂಬವಿಲ್ಲದ, ಗಾಳಿಗೆ ಉಬ್ಬಿದ ಸೀರೆಯಂಥ ಕಾಂಕ್ರೀಟು ಛಾವಣಿ. ಅದರ ಬಾಗನ್ನು ಲೆಕ್ಕ ಹಾಕಿದ್ದು ಹೈದರಾಬಾದಿನ ಒಂದು ಕಂಪ್ಯೂಟರು. ಎಂಜಿನಿಯರು ಕೊಟ್ಟ ಅಂಕಿಗಳನ್ನು ಹಾಳೆಗಿಳಿಸಿ, ಕಂಪ್ಯೂಟರು ಓದುವ ರಂಧ್ರದ ಕಾರ್ಡು ಹೊಡೆಸಿ, ಅದು ಮುದ್ರಿಸಿ ಕೊಟ್ಟ ದಿಂಬಿನಷ್ಟು ದಪ್ಪದ ಕಾಗದದ ಕಟ್ಟು ಹೊತ್ತು ತಂದವನು ನರಸಿಂಹ. ಛಾವಣಿಯ ಕಾಂಕ್ರೀಟು ಸುರಿಯುವ ಅಚ್ಚಿಗೆ ನೂರಾ ಹನ್ನೆರಡು ಮರದ ಪಟ್ಟಿ ಬೇಕಿತ್ತು. ಒಂದರ ಬಾಗು ಇನ್ನೊಂದಕ್ಕಿರಲಿಲ್ಲ.

ಅವನ್ನು ಕೊಯ್ಯಲು ಬಂದ ಯರ್ರೆಪ್ಪನಿಗೆ ಅಂಕಿ ಬಿಟ್ಟರೆ ಓದು ಬಾರದು. ನರಸಿಂಹ ಓದುವನು, ಅವನು ಗುರುತು ಹಾಕಿ ಕೊಯ್ಯುವನು. ಮೂರು ತಿಂಗಳು ಅವನಿಗೆ ಹಬ್ಬ. ಹೆಂಡತಿ ಉಚ್ಚಮ್ಮನನ್ನು ಬಂಡಿಯಲ್ಲಿ ಕರೆತಂದು ತೋರಿಸಿದ್ದ: “ನೋಡೇ, ಕಟ್ಟಿಗಿ ನೀರಾಗೈತಿ!”

ಒಂದು ಮಧ್ಯಾಹ್ನ ಅವನು ಜೋಡಿಸಿದ ಪಟ್ಟಿಗಳ ಮೇಲೆ, ಬಾಗು ಕೂಡುತ್ತದೆಯೇ ನೋಡಲು, ಮರದ ತೆಳ್ಳನೆಯ ರೀಪು ಹಾಸಿ ಕರೆದ.

“ಸ್ವಾಮಿ, ನಲವತ್ತೇಳನೇದು ಎದ್ದೈತಿ ನೋಡ್ರಿ. ಆಚಿಗೊಂದು ಈಚಿಗೊಂದು ಬೆರಳು ತೂರ್ತೈತಿ.”

ನರಸಿಂಹ ಕಾಗದ ನೋಡಿದ. “ಎತ್ತರ ಎರಡು ದಶಾಂಶ ನಾಕು ಅರವತ್ತಮೂರು ಮೀಟರ್. ಸರಿಯಾಗೇ ಕೊಯ್ದೀಯಲ್ಲ.”

“ಕೊಯ್ದಿದ್ದು ಸರಿ ಐತ್ರಿ. ಲೆಕ್ಕ ತಪ್ಪೈತಿ. ಒಂದ್ಸಲ ಕೇಳ್ರಿ.”

ಕೇಳಬೇಕೆಂದರೆ ಮತ್ತೆ ಹೈದರಾಬಾದು, ಹದಿನೈದು ದಿನ. ತಡವಾಯಿತೆಂದು ಎಂಜಿನಿಯರು ಆಗಲೇ ಎರಡು ಸಲ ಬೈದಿದ್ದ. ನರಸಿಂಹನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

“ಮಿಷನ್ ತಪ್ಪು ಮಾಡಂಗಿಲ್ಲ ಯರ್ರೆಪ್ಪ. ಹಂಗೇ ಇರ್ಲಿ.”

ಯರ್ರೆಪ್ಪ ರೀಪನ್ನು ಎತ್ತಿಟ್ಟ.

ಪಟ್ಟಿ ಎದ್ದಲ್ಲಿ ಎರಡಂಗುಲದ ಕಾಂಕ್ರೀಟು ಒಂದಂಗುಲಕ್ಕಿಳಿಯಿತು. ಅಚ್ಚು ಬಿಚ್ಚಿದ ದಿನ ಛಾವಣಿ ಸರಿಯಾಗಿ ಆ ಗೆರೆಯಲ್ಲೇ ಸೀಳಿತು. ಕೆಳಗೆ ಹಲಗೆ ಹೊರುತ್ತಿದ್ದ ಗಿಡ್ಡಮ್ಮ, ಯರ್ರೆಪ್ಪನ ಊರಿನವನೇ ಆದ ಚಿನ್ನಪ್ಪನ ಹೆಂಡತಿ, ಹೊರಗೆ ಬರಲಿಲ್ಲ. ಬಡಿಗ ಅಚ್ಚು ತಪ್ಪು ಕೊಯ್ದ ಎಂದು ವಿಚಾರಣೆಯಲ್ಲಿ ಬರೆದರು. ಹಾಗೆ ಬರೆದ ದಿನ ಸಂಜೆ ನರಸಿಂಹ ತನ್ನ ಹಾಳೆ ತೆಗೆದು ನೋಡಿದ. ನಲವತ್ತೇಳನೆಯದಕ್ಕೆ ಎಂಜಿನಿಯರು ಕೊಟ್ಟಿದ್ದು ಎರಡು ದಶಾಂಶ ನಾಕು ಮೂವತ್ತಾರು. ತನ್ನ ಅಕ್ಷರದಲ್ಲಿ ಅರವತ್ತಮೂರು. ಹಾಳೆಯನ್ನು ಬಚ್ಚಲ ಒಲೆಗೆ ಹಾಕಿದ.

*

ಬಂಡಿ ಕಟ್ಟುವಷ್ಟರಲ್ಲಿ ನರಸಿಂಹ ಕಟ್ಟೆಗೆ ಹೋದ. ಚಿನ್ನಪ್ಪ ತುದಿಯಲ್ಲಿ ಕೂತಿದ್ದ.

“ಚಿನ್ನಪ್ಪ, ತಪ್ಪು ಯರ್ರೆಪ್ಪಂದಲ್ಲ. ಅಂಕಿ ತಪ್ಪು ಬರೆದಾಂವ ನಾನು. ಆತ ನನಗ ಹೇಳಿದ್ದ. ನಾನೇ ಕೇಳಲಿಲ್ಲ.”

ಚಿನ್ನಪ್ಪ ಅವನ ಮುಖವನ್ನೇ ನೋಡಿ ತಲೆಯಾಡಿಸಿದ.

“ಮಂಚಿದಿ ಸ್ವಾಮಿ, ಒಳ್ಳೇದು. ಸತ್ತೋರ ಮ್ಯಾಲೆ ಯಾರೂ ಕೆಟ್ಟದ್ದು ಹೇಳಂಗಿಲ್ಲ. ನೀವು ದೊಡ್ಡೋರು, ಹಿಂಗಂತೀರಿ.”

“ಉಪಚಾರಕ್ಕಲ್ಲೋ! ಖರೇನ ಹೇಳ್ತೀನಿ.”

“ಖರೇ ಇದ್ದಿದ್ರ ಅವತ್ತೇ ಹೇಳ್ತಿದ್ರಿ. ನಿಮ್ಮಂಥೋರು ಎಂಟು ವರ್ಷ ಬಾಯಿ ಮುಚ್ಕಂಡಿರ್ತಾರೇನ್ರಿ?” ಎಂದ ಚಿನ್ನಪ್ಪ. ಅಣಕವಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ಹಾಗೆ ನಂಬಿದ್ದ. ಉಳಿದವರು ಹೌದು ಹೌದು ಎಂದರು. ಯಾರೂ ಏಳಲಿಲ್ಲ.

ಉಚ್ಚಮ್ಮ ಬಂಡಿಯ ಹಿಂದೆ ನಿಂತಿದ್ದಳು. “ಲೆಕ್ಕ ತಪ್ಪೈತಂತ ಆತಗ ಗೊತ್ತಿತ್ತು,” ಎಂದಳು ಅವನ ಕಡೆ ತಿರುಗದೆ.

“ಮತ್ತ ನನ್ನ ಹೆಸರು ಯಾಕ ಹೇಳಲಿಲ್ಲ, ತಾಯಿ?”

“ಹೇಳು ಅಂತ ನಾನೂ ಬಡ್ಕಂಡೆ. ‘ಸ್ವಾಮಿಗ ಕಾಣಲಿಲ್ಲ, ನನಗ ಕಂಡಿತ್ತು. ಕಂಡೂ ಸುಮ್ನಾದೆ’ ಅಂದ. ಅವತ್ತಿಂದ ಉಳಿ ಮುಟ್ಟಲಿಲ್ಲ. ಕಲ್ಲು ಹೊರಾಕ ಹೋದ. ಅದ್ರಾಗೇ ಎದಿ ಒಡೀತು.” ಸೆರಗು ಬಿಗಿದುಕೊಂಡಳು. “ಈಗ ಹೇಳಿದ್ರಿ. ಏನಾತು?”

ಬಂಡಿ ಹೊರಟಾಗ ನರಸಿಂಹ ಬರಿಗಾಲಲ್ಲೇ ಅದರ ಹಿಂದೆ ನಡೆದ.

ಹೊಲದಂಚಿನಲ್ಲಿ ಬಿಸಿಲಿಗೆ ಕರಿನೆಲ ಬಿರುಕು ಬಿಟ್ಟಿತ್ತು. ಕುಣಿ ತೋಡಿದವನು ಬೆವರು ಒರೆಸಿಕೊಳ್ಳುತ್ತ ಪಕ್ಕಕ್ಕೆ ಸರಿದ. ಹೆಣ ಇಳಿಸಿದರೆ ಕಾಲು ಒಳಗೆ ಹಿಡಿಸಲಿಲ್ಲ.

“ಅಳತಿ ತಗಂಡಿದ್ದಿಲ್ಲೇನಲೇ?” ಎಂದು ಮಾರೆಣ್ಣ ಗದರಿದ.

“ಅಂದಾಜಿಗೆ ತೋಡಿದೆ. ನೆಲ ಕಲ್ಲಾಗೈತಿ, ಇನ್ನೊಂದು ಗೇಣು ತೋಡಬೇಕಂದ್ರ ಸಂಜಿ ಆಗತೈತಿ.”

ಬಂಡಿಯವನು ಹೊತ್ತು ನೋಡಿದ. ಮಾರೆಣ್ಣ ಕುಣಿಗಿಳಿದು ಯರ್ರೆಪ್ಪನ ಕಾಲುಗಳನ್ನು ಮಡಿಸಿದ. ಮಣ್ಣು ಎಳೆದರು. ಮುಖ ಮುಚ್ಚಿತು, ಎದೆ ಮುಚ್ಚಿತು. ಮೊಣಕಾಲುಗಳೆರಡು ಮಾತ್ರ ಬಿಳಿ ಬಟ್ಟೆಯೊಳಗಿಂದ ಬಹಳ ಹೊತ್ತು ಮೇಲೆ ಕಾಣುತ್ತಿದ್ದವು. ಗಂಡಸರು ಸಲಿಕೆ ನಿಲ್ಲಿಸಿದಾಗ ಉಚ್ಚಮ್ಮ ಬುಟ್ಟಿಯಲ್ಲಿ ಹೆಂಟೆ ತುಂಬಿ ತಂದು ಅವುಗಳ ಮೇಲೆ ಸುರಿದಳು. ಮತ್ತೊಂದು ಬುಟ್ಟಿ ತಂದಳು. ಆಮೇಲೆ ಮಂಡಿಯೂರಿ, ಎರಡೂ ಅಂಗೈಗಳಿಂದ ತಟ್ಟತೊಡಗಿದಳು.